ಹಗುರ ಬಾನೆಟ್ಟಿಗೆ ಭದ್ರ ಚಿಲಕ

ಏಪ್ರಿಲ್, ಮೇ ತಿಂಗಳಲ್ಲಿ ಮುಂಗಾರಿಗೆ ಮುಂಚಿನ ಗಾಳಿಮಳೆ ಬಂತೆಂದರೆ ಮರುದಿನದ ಪತ್ರಿಕೆಯಲ್ಲಿ ಒಂದು ಸುದ್ದಿ ತಪ್ಪದೆ ಇರುತ್ತದೆ. ಶಾಲೆಯ ಚಾವಣಿಯ ತಗಡು ಹಾರಿಹೋಯಿತು. ಕೋಳಿ ಫಾರಂನ ಶೀಟುಗಳು ಪಕ್ಕದ ಹೊಲಕ್ಕೆ ಹೋಗಿ ಬಿದ್ದವು. ಗಾಳಿ ತಗಡಿನ ಅಡಿಗೆ ನುಗ್ಗಿ ಎತ್ತಿ ಎಸೆಯಿತು ಎಂದು ಓದಿದವರು ತಿಳಿಯುತ್ತಾರೆ. ಅದು ಅರ್ಧ ಸತ್ಯ. ಉಳಿದರ್ಧ ತಗಡಿನ ಮೇಲ್ಗಡೆ ಇದೆ. ಚಾವಣಿಯ ಮೇಲೆ ರಭಸದಿಂದ ಹಾಯುವ ಗಾಳಿ ತಗಡನ್ನು ಮೇಲಕ್ಕೆ ಹೀರುತ್ತದೆ. ಹಳ್ಳಿಯ ಜನ ಶೀಟಿನ ಮೇಲೆ ಸುಮ್ಮನೆ ಕಲ್ಲು ಹೇರುವುದಿಲ್ಲ. ಹೆಂಚಿಗೆ ತನ್ನದೇ ತೂಕವಿದೆ, ತಗಡಿಗೆ ಅದಿಲ್ಲ. ತೂಕವಿಲ್ಲದ್ದನ್ನು ಕಟ್ಟಿಯೇ ಹಿಡಿಯಬೇಕು.

ಇದೇ ಗಾಳಿ ಇದೇ ಆಟವನ್ನು ರಸ್ತೆಯಲ್ಲಿ ಓಡುವ ಪ್ರತಿಯೊಂದು ಕಾರಿನ ಬಾನೆಟ್ಟಿನ ಮೇಲೂ ಆಡುತ್ತದೆ. ವ್ಯತ್ಯಾಸವಿಷ್ಟೆ: ಚಾವಣಿಯ ಮೇಲೆ ಗಾಳಿ ಓಡುತ್ತದೆ, ಇಲ್ಲಿ ಗಾಳಿಯ ಕೆಳಗೆ ಕಾರು ಓಡುತ್ತದೆ. ಬಾನೆಟ್ಟು ಹಾರದಂತೆ ಮುಂದುಗಡೆ ಹಿಡಿದಿರುವುದು ಅಂಗೈಯಷ್ಟು ಅಗಲದ ಒಂದು ಚಿಲಕ. ಆ ಚಿಲಕವನ್ನು ಕಾರು ತಯಾರಿಸಿದವರು ಉಕ್ಕಿನ ಬಾನೆಟ್ಟಿಗೆಂದು ಲೆಕ್ಕ ಹಾಕಿ ಮಾಡಿರುತ್ತಾರೆ. ಉಕ್ಕಿನದನ್ನು ತೆಗೆದು ಅದರ ಜಾಗದಲ್ಲಿ ಫೈಬರ್‌ಗ್ಲಾಸಿನ ಹಗುರ ಬಾನೆಟ್ಟನ್ನು ಕೂರಿಸಿದರೆ ಆ ಲೆಕ್ಕ ಹಾಗೆಯೇ ಉಳಿಯುತ್ತದೆಯೆ?

ಅಮೆರಿಕ, ಜಪಾನುಗಳಲ್ಲಿ ಹೀಗೆ ಬಾನೆಟ್ಟು ಬದಲಾಯಿಸುವುದು ಬಹಳ ಹಳೆಯ ಹವ್ಯಾಸ. ಅಲ್ಲಿ ಹೊರಗಿನ ಕಾರ್ಖಾನೆಗಳು ಬಾನೆಟ್ಟುಗಳನ್ನು ಮಾಡಿ ಬಿಡಿಯಾಗಿ ಮಾರುತ್ತವೆ. ಅದನ್ನು ಕಂಡ ನಮ್ಮ ಕಾಲೇಜು ಹುಡುಗರಿಗೂ ಆಸೆ ಹುಟ್ಟುವುದು ಸಹಜ. ಪಂದ್ಯದ ಹಾದಿಯಲ್ಲಿ ಕೆಲವು ಸೆಕೆಂಡು ಓಡಿ ನಿಲ್ಲುವ ಕಾರಿನ ಮಾತು ಬೇರೆ. ದಿನವೂ ಕಚೇರಿಗೆ, ಮಾರುಕಟ್ಟೆಗೆ, ಊರಿಗೆ ಹೋಗಿ ಬರುವ, ಹೆಜ್ಜೆಗೊಂದು ಹಂಪು ಹತ್ತಿಳಿಯುವ, ಮಳೆ ಬಿಸಿಲುಗಳಲ್ಲಿ ನಿಲ್ಲುವ ಕಾರಿನ ಮಾತು ಬೇರೆ. ಈ ಎರಡನೆಯ ಕಾರಿನಲ್ಲಿ ಹಗುರ ಬಾನೆಟ್ಟು ಭದ್ರವಾಗಿ ಕೂರಬೇಕಾದರೆ ಏನೇನು ಬೇಕು ಎಂಬುದು ಪ್ರೌಢಶಾಲೆಯ ಭೌತವಿಜ್ಞಾನದಿಂದಲೇ ತಿಳಿಯುತ್ತದೆ.

ಗಾಜಿನ ನೂಲು, ರಾಳದ ಗಾರೆ

ಮಣ್ಣಿನ ಗೋಡೆ ಕಟ್ಟುವವರು ಮಣ್ಣಿಗೆ ಹುಲ್ಲು ಕಲಸುತ್ತಾರೆ. ಬರಿಯ ಮಣ್ಣು ಒಣಗಿದರೆ ಬಿರಿಯುತ್ತದೆ, ಬರಿಯ ಹುಲ್ಲು ನಿಲ್ಲುವುದೇ ಇಲ್ಲ. ಎರಡೂ ಸೇರಿದರೆ ಗೋಡೆ. ಫೈಬರ್‌ಗ್ಲಾಸೂ ಇದೇ ತತ್ವದ್ದು. ಇಲ್ಲಿ ಹುಲ್ಲಿನ ಬದಲು ಕೂದಲಿಗಿಂತ ಸಣ್ಣನೆಯ ಗಾಜಿನ ನೂಲು, ಮಣ್ಣಿನ ಬದಲು ಪಾಲಿಯೆಸ್ಟರ್ ರಾಳ. ಎಳೆತವನ್ನು ತಡೆಯುವುದು ನೂಲು. ನೂಲುಗಳನ್ನು ಒಂದಾಗಿ ಹಿಡಿದು ಆಕಾರ ಕೊಡುವುದು ರಾಳ.

ಇಂಥ ನೂಲನ್ನು ಹೇರಳವಾಗಿ ತಯಾರಿಸುವ ದಾರಿ ಸಿಕ್ಕಿದ್ದು 1932ರಲ್ಲಿ, ಅಮೆರಿಕದ ಓಹಿಯೊದಲ್ಲಿ. ಓವನ್ಸ್-ಇಲಿನಾಯ್ ಗಾಜಿನ ಕಂಪನಿಯಲ್ಲಿದ್ದ ಡೇಲ್ ಕ್ಲೈಸ್ಟ್ ಎಂಬ ಯುವಕ ಬೇರೇನೋ ಪ್ರಯೋಗ ಮಾಡುತ್ತಿದ್ದಾಗ ಒತ್ತಡದ ಗಾಳಿ ಕರಗಿದ ಗಾಜಿಗೆ ತಗುಲಿತು. ಗಾಜು ಎಳೆ ಎಳೆಯಾಗಿ ಚೆಲ್ಲಾಡಿತು. ಎರಡು ದಶಕ ಕಳೆಯುವಷ್ಟರಲ್ಲಿ ಅದೇ ನೂಲು ಕಾರಿನ ಮೈಯಾಯಿತು. 1953ರಲ್ಲಿ ಜನರಲ್ ಮೋಟರ್ಸ್ ಹೊರತಂದ ಶೆವ್ರೊಲೆ ಕಾರ್ವೆಟ್ ಕಾರಿನ ಇಡೀ ಕವಚ ಫೈಬರ್‌ಗ್ಲಾಸಿನದು. ಮೊದಲ ವರ್ಷ ತಯಾರಾದವು 300 ಕಾರುಗಳು.

ನಮ್ಮ ಬೆಂಗಳೂರಿಗೂ ಈ ಕಥೆಯಲ್ಲಿ ಒಂದು ಪಾಲಿದೆ. 1980ರ ದಶಕದಲ್ಲಿ ಸಿಪಾನಿ ಆಟೊಮೊಬೈಲ್ಸ್ ಇಲ್ಲಿ ತಯಾರಿಸಿದ ಡಾಲ್ಫಿನ್ ಎಂಬ ಪುಟ್ಟ ಕಾರಿನ ಮೈ ಫೈಬರ್‌ಗ್ಲಾಸಿನದಾಗಿತ್ತು. ಇಂಗ್ಲೆಂಡಿನ ರಿಲಯಂಟ್ ಕಿಟನ್ ಕಾರು ಅದಕ್ಕೆ ಮೂಲ. ಇಂದಿನ ವಿದ್ಯಾರ್ಥಿಗಳು ಅದನ್ನು ನೋಡಿರಲಾರರು, ಅವರ ತಂದೆತಾಯಿಯರಿಗೆ ನೆನಪಿರಬಹುದು.

ಇಲ್ಲಿ ಒಂದು ಅಂಶವನ್ನು ಗಮನಿಸಬೇಕು. ಕಾರ್ವೆಟ್ ಆಗಲಿ ಡಾಲ್ಫಿನ್ ಆಗಲಿ ಮೊದಲ ನಕ್ಷೆಯಿಂದಲೇ ಫೈಬರ್‌ಗ್ಲಾಸಿಗೆಂದು ರೂಪಿಸಿದ ಕಾರುಗಳು. ಕೀಲು, ಚಿಲಕ, ಬೋಲ್ಟು ಎಲ್ಲವೂ ಆ ವಸ್ತುವಿಗೆ ಹೊಂದುವಂತೆ ಇದ್ದವು. ಹೊರಗಿನಿಂದ ತಂದು ಕೂರಿಸುವ ಬಾನೆಟ್ಟು ಹಾಗಲ್ಲ. ಅದು ಉಕ್ಕಿನ ಮನೆಗೆ ಬಂದ ಹೊಸ ನೆಂಟ. ಅದರ ಗುಣ ಆ ಮನೆಯ ಚಿಲಕಕ್ಕೆ ಗೊತ್ತಿಲ್ಲ.

ಬಾನೆಟ್ಟನ್ನು ಎತ್ತುವವರು ಯಾರು?

ಓಡುವ ಕಾರಿನ ಮೂತಿಗೆ ಗಾಳಿ ಬಡಿದು ಎರಡಾಗುತ್ತದೆ. ಒಂದು ಪಾಲು ಬಾನೆಟ್ಟಿನ ಮುಂದಿನ ಅಂಚನ್ನು ಸುತ್ತಿ ಮೇಲೇರುತ್ತದೆ. ಆ ತಿರುವಿನಲ್ಲಿ ಅದರ ವೇಗ ಹೆಚ್ಚುತ್ತದೆ, ಒತ್ತಡ ತಗ್ಗುತ್ತದೆ. ವೇಗಕ್ಕೂ ಒತ್ತಡಕ್ಕೂ ಇರುವ ಈ ನಂಟನ್ನು ಡೇನಿಯಲ್ ಬರ್ನೂಲಿ 1738ರಲ್ಲೇ ತನ್ನ ಗ್ರಂಥದಲ್ಲಿ ವಿವರಿಸಿದ್ದ. ಇನ್ನೊಂದು ಪಾಲು ಗಾಳಿ ಜಾಲರಿಯ ಮೂಲಕ ರೇಡಿಯೇಟರನ್ನು ದಾಟಿ ಎಂಜಿನ್ನಿನ ಗೂಡಿಗೆ ನುಗ್ಗುತ್ತದೆ. ಅಲ್ಲಿ ಒತ್ತಡ ಏರುತ್ತದೆ. ಹೀಗೆ ಮೇಲಿನಿಂದ ಹೀರಿಕೆ, ಕೆಳಗಿನಿಂದ ನೂಕು. ಬಾನೆಟ್ಟಿನ ಹಿಂಭಾಗದಲ್ಲಿ, ಮುಂದಿನ ಗಾಜಿನ ಬುಡದಲ್ಲಿ ಮಾತ್ರ ಗಾಳಿ ತಡೆದು ಒತ್ತಡ ಹೆಚ್ಚುತ್ತದೆ. ಕಾರಿನೊಳಗೆ ಹೊಸ ಗಾಳಿ ತರುವ ಕಿಂಡಿಗಳನ್ನು ಅಲ್ಲೇ ಇಡುವುದಕ್ಕೆ ಕಾರಣ ಇದೇ.

ಈ ಬಲ ಎಷ್ಟಿರಬಹುದು? ಲೆಕ್ಕ ಸುಲಭ. ಗಾಳಿಯ ಸಾಂದ್ರತೆಯ ಅರ್ಧವನ್ನು ವೇಗದ ವರ್ಗದಿಂದ ಗುಣಿಸಿದರೆ ಗಾಳಿಯ ಹೊಡೆತದ ಒತ್ತಡ ಸಿಗುತ್ತದೆ. ಗಾಳಿಯ ಸಾಂದ್ರತೆ ಘನ ಮೀಟರಿಗೆ ಸುಮಾರು 1.2 ಕಿ.ಗ್ರಾಂ. ಗಂಟೆಗೆ 60 ಕಿ.ಮೀ. ಎಂದರೆ ಸೆಕೆಂಡಿಗೆ 16.7 ಮೀಟರ್, ಒತ್ತಡ ಸುಮಾರು 167 ಪ್ಯಾಸ್ಕಲ್. 100 ಕಿ.ಮೀ. ವೇಗದಲ್ಲಿ ಸುಮಾರು 463. 120 ಕಿ.ಮೀ.ಗೆ ಸುಮಾರು 667. ವೇಗ ಎರಡರಷ್ಟಾದರೆ ಒತ್ತಡ ನಾಲ್ಕರಷ್ಟಾಯಿತು ಎಂಬುದನ್ನು ನೋಡಿ.

ಬಾನೆಟ್ಟಿನ ಆಕಾರ ಕಾರಿನಿಂದ ಕಾರಿಗೆ ಬೇರೆ. ಲೆಕ್ಕಕ್ಕಾಗಿ ಅದರ ಹರವು 1 ಚದರ ಮೀಟರ್, ಮೇಲಕ್ಕೂ ಕೆಳಕ್ಕೂ ಇರುವ ಒತ್ತಡದ ವ್ಯತ್ಯಾಸ ಮೇಲೆ ಹೇಳಿದ್ದರ ಅರ್ಧ ಎಂದಿಟ್ಟುಕೊಳ್ಳೋಣ. ಆಗ 60 ಕಿ.ಮೀ. ವೇಗದಲ್ಲಿ ಗಾಳಿ ಎತ್ತುವ ಬಲ ಎಂಟೂವರೆ ಕಿಲೊ ತೂಕದಷ್ಟು. 100ರಲ್ಲಿ ಸುಮಾರು 24 ಕಿಲೊ. 120ರಲ್ಲಿ 34 ಕಿಲೊ. ಈಗ ಬಾನೆಟ್ಟಿನ ತೂಕ ಹಾಕಿ ನೋಡಿ. ಸಣ್ಣ ಕಾರಿನ ಉಕ್ಕಿನ ಬಾನೆಟ್ಟು 15 ಕಿಲೊ, ಫೈಬರಿನದು 7 ಕಿಲೊ ಎನ್ನೋಣ. 60 ಕಿ.ಮೀ. ವೇಗದಲ್ಲಿ ಉಕ್ಕಿನದು ತನ್ನ ಭಾರದಿಂದಲೇ ಕೂತಿರುತ್ತದೆ. ಚಿಲಕಕ್ಕೆ ಹೆಚ್ಚು ಕೆಲಸವಿಲ್ಲ. ಫೈಬರಿನದು ಅಷ್ಟರಲ್ಲೇ ತೇಲಲು ಹೊರಟಿರುತ್ತದೆ. ಅಂದರೆ ಊರೊಳಗಿನ ವೇಗದಲ್ಲೇ ಅದು ಪೂರ್ತಿ ಚಿಲಕವನ್ನು ನಂಬಿದೆ.

ಇನ್ನೊಂದು ಮಾತು. ಬಾಗಿಲನ್ನು ಕೀಲಿನ ಹತ್ತಿರ ನೂಕಿದರೆ ಕಷ್ಟ, ಅಂಚಿನಲ್ಲಿ ನೂಕಿದರೆ ಸುಲಭ. ಹೆಚ್ಚಿನ ಕಾರುಗಳಲ್ಲಿ ಬಾನೆಟ್ಟಿನ ಕೀಲು ಹಿಂದೆ, ಗಾಜಿನ ಕಡೆ ಇರುತ್ತದೆ. ಗಾಳಿಯ ಹೀರಿಕೆ ಜೋರಾಗಿರುವುದು ಮುಂದಿನ ಅಂಚಿನಲ್ಲಿ. ಆದ್ದರಿಂದ ಎತ್ತುವ ಬಲದ ದೊಡ್ಡ ಪಾಲು ಚಿಲಕದ ಮೇಲೇ ಬೀಳುತ್ತದೆ. ನಮ್ಮ ರಸ್ತೆಗಳಲ್ಲಿ ಒಂದು ಕಾಲಕ್ಕೆ ಓಡುತ್ತಿದ್ದ ಸ್ಟ್ಯಾಂಡರ್ಡ್ ಹೆರಾಲ್ಡ್ ಕಾರನ್ನು ಹಿರಿಯರು ನೆನೆಸಿಕೊಳ್ಳಬಹುದು. ಅದರ ಮೂತಿಯೆಲ್ಲ ಒಟ್ಟಾಗಿ ಮುಂದಕ್ಕೆ ಮಗುಚುತ್ತಿತ್ತು, ಕೀಲು ಮುಂದಿತ್ತು. ಅಂಥ ಬಾನೆಟ್ಟಿನ ಚಿಲಕ ಸಡಿಲವಾದರೂ ಅದು ಗಾಜಿನ ಕಡೆಗೆ ಮಗುಚಿಕೊಳ್ಳಲಾರದು.

ಹಿಂದೆ ಕೀಲಿರುವ ಬಾನೆಟ್ಟು ಹಾಗಲ್ಲ. ಅಲ್ಲಿ ಎಲ್ಲವನ್ನೂ ತೀರ್ಮಾನಿಸುವುದು ಮೊದಲ ಒಂದು ಅಂಗುಲ. ಮುಚ್ಚಿರುವವರೆಗೆ ಬಲ ಮಿತವಾಗಿರುತ್ತದೆ. ಅಂಚು ಒಂದು ಅಂಗುಲ ಮೇಲೆದ್ದರೆ ಎದುರುಗಾಳಿ ನೇರವಾಗಿ ಅಡಿಗೆ ನುಗ್ಗುತ್ತದೆ. ಗಾಳಿಗೆ ಕೊಡೆ ಮಗುಚಿಕೊಳ್ಳುವಂತೆ ಬಾನೆಟ್ಟು ಕ್ಷಣದಲ್ಲಿ ಮೇಲೆದ್ದು ಮುಂದಿನ ಗಾಜಿಗೆ ಅಪ್ಪಳಿಸುತ್ತದೆ. ಚಾಲಕನಿಗೆ ರಸ್ತೆಯೇ ಕಾಣುವುದಿಲ್ಲ. 100 ಕಿ.ಮೀ. ವೇಗದ ಕಾರು ಪ್ರತಿ ಸೆಕೆಂಡಿಗೆ 28 ಮೀಟರ್ ಕ್ರಮಿಸುತ್ತದೆ ಎಂಬುದನ್ನು ನೆನೆದರೆ ಈ ಕುರುಡುತನದ ಬೆಲೆ ಏನೆಂದು ತಿಳಿಯುತ್ತದೆ.

ತೂಕ ಇಳಿದದ್ದು ಎಲ್ಲಿಂದ?

ಫೈಬರ್‌ಗ್ಲಾಸಿನ ಸಾಂದ್ರತೆ ಉಕ್ಕಿನ ಐದನೆಯ ಒಂದು ಭಾಗದಷ್ಟು. ಹಾಗಾದರೆ ಬಾನೆಟ್ಟೂ ಐದು ಪಟ್ಟು ಹಗುರವಾಗಬೇಕಲ್ಲವೆ? ಆಗುವುದಿಲ್ಲ. ಉಕ್ಕಿನ ತಗಡಿನ ದಪ್ಪ ಸುಮಾರು 0.7 ಮಿ.ಮೀ. ಇದ್ದರೆ ಫೈಬರನ್ನು ಎರಡೂವರೆ, ಮೂರು ಮಿ.ಮೀ. ದಪ್ಪಕ್ಕೆ ಮಾಡುತ್ತಾರೆ. ಏಕೆಂದರೆ ತುಂಡು ನೂಲಿನ ಚಾಪೆಯಿಂದ ಮಾಡಿದ ಫೈಬರ್‌ಗ್ಲಾಸಿನ ಬಿಗುವು ಉಕ್ಕಿನ ಇಪ್ಪತ್ತು, ಇಪ್ಪತ್ತೈದರಲ್ಲಿ ಒಂದು ಪಾಲು ಮಾತ್ರ. ದಪ್ಪ ಹೆಚ್ಚಿಸಿ ಈ ಕೊರತೆ ತುಂಬುತ್ತಾರೆ. ಹಾಳೆಯ ದಪ್ಪ ಎರಡರಷ್ಟಾದರೆ ಅದು ಬಾಗದೆ ತಡೆಯುವ ಶಕ್ತಿ ಎಂಟರಷ್ಟಾಗುತ್ತದೆ. ಆದರೆ ದಪ್ಪ ಹೆಚ್ಚಿದಷ್ಟೂ ತೂಕವೂ ಹೆಚ್ಚುತ್ತದೆ. ಒಂದು ಚದರ ಮೀಟರ್ ಉಕ್ಕಿನ ತಗಡು ಐದೂವರೆ ಕಿಲೊ ಇದ್ದರೆ ಅಷ್ಟೇ ಹರವಿನ ಫೈಬರ್ ನಾಲ್ಕು ಕಿಲೊ ಇರುತ್ತದೆ. ಹೊರ ಹೊದಿಕೆಯಲ್ಲಿ ಉಳಿತಾಯ ಅಷ್ಟೇನೂ ದೊಡ್ಡದಲ್ಲ.

ಹಾಗಾದರೆ ತೂಕ ಇಳಿದದ್ದು ಎಲ್ಲಿಂದ? ಯಾವುದೇ ಕಾರಿನ ಉಕ್ಕಿನ ಬಾನೆಟ್ಟನ್ನು ಎತ್ತಿ ಒಳಭಾಗ ನೋಡಿ. ಮೇಲಿನ ತಗಡಿನ ಕೆಳಗೆ ಇನ್ನೊಂದು ತಗಡು ಇರುತ್ತದೆ. ಅದರಲ್ಲಿ ಉಬ್ಬು, ತಗ್ಗು, ಕಿಟಕಿಗಳು. ಅದೇ ಬಾನೆಟ್ಟಿನ ಬೆನ್ನೆಲುಬು. ಚಿಲಕದ ಕೊಂಡಿ ಮತ್ತು ಕೀಲು ಕೂರುವ ಜಾಗಗಳಲ್ಲಿ ಇನ್ನೂ ಒಂದು ದಪ್ಪ ಪಟ್ಟಿ ಸೇರಿರುತ್ತದೆ. ಅಗ್ಗದ ಫೈಬರ್ ಬಾನೆಟ್ಟುಗಳಲ್ಲಿ ಈ ಬೆನ್ನೆಲುಬನ್ನು ತೆಳುವಾಗಿಸಿರುತ್ತಾರೆ, ಇಲ್ಲವೆ ಪೂರ್ತಿ ಬಿಟ್ಟಿರುತ್ತಾರೆ. ಹಗುರವಾದದ್ದು ಬಹುಪಾಲು ಅಲ್ಲಿಂದ. ಕೊಳ್ಳುವವರು ಮೇಲಿನ ಹೊಳಪು ನೋಡದೆ ಮಗುಚಿ ಒಳಗನ್ನು ನೋಡಬೇಕು ಎನ್ನುವುದು ಅದಕ್ಕೇ.

ಎರಡು ವಸ್ತುಗಳು ಸೋಲುವ ರೀತಿಯೂ ಬೇರೆ. ಉಕ್ಕಿನ ತಗಡು ಬಲ ಮೀರಿದಾಗ ಮೊದಲು ಬಾಗುತ್ತದೆ, ನೆಗ್ಗುತ್ತದೆ. ಕಣ್ಣಿಗೆ ಎಚ್ಚರಿಕೆ ಕೊಡುತ್ತದೆ. ಫೈಬರ್ ಬಾಗಿದರೂ ಮತ್ತೆ ಮೊದಲಿನಂತಾಗುತ್ತದೆ. ಹೀಗೆ ಸಾವಿರ ಸಲ ಬಾಗಿ ನೇರವಾಗುವಾಗ ಬೋಲ್ಟಿನ ತೂತಿನ ಸುತ್ತ ರಾಳ ಬಿರಿಯುತ್ತದೆ, ಪದರಗಳು ಬಿಡುತ್ತವೆ, ಒಂದು ದಿನ ಫಟ್ಟನೆ ಸೀಳುತ್ತದೆ. ಬಣ್ಣದ ಮೇಲೆ ಜೇಡರ ಬಲೆಯಂಥ ಸಣ್ಣ ಗೀರುಗಳು ಕಂಡರೆ ಅದೇ ಅದರ ಎಚ್ಚರಿಕೆ.

ಅಮೆರಿಕದ ನಾಲ್ಕು ಪಿನ್ನು

ಈ ಸಮಸ್ಯೆಗೆ ಪಂದ್ಯದ ಕಾರಿನವರು ಬಹು ಹಿಂದೆಯೇ ಒಂದು ಉತ್ತರ ಕಂಡುಕೊಂಡರು. ಕಾರಿನ ಚೌಕಟ್ಟಿಗೆ ಉಕ್ಕಿನ ಗೂಟ ನಿಲ್ಲಿಸಿ, ಬಾನೆಟ್ಟಿನ ತೂತಿನಿಂದ ಅದರ ತಲೆ ಹೊರಬರುವಂತೆ ಮಾಡಿ, ತಲೆಯ ಅಡ್ಡ ತೂತಿಗೆ ಸ್ಪ್ರಿಂಗ್ ಕ್ಲಿಪ್ಪು ಸಿಕ್ಕಿಸುವುದು. ಎತ್ತಿನ ಗಾಡಿಯ ಗಾಲಿ ಜಾರದಂತೆ ಅಚ್ಚಿಗೆ ಕಡಾಣಿ ಹಾಕುವುದಿಲ್ಲವೆ? ಅದೇ ಉಪಾಯ.

1964ರಲ್ಲಿ ಫೋರ್ಡ್ ಕಂಪನಿ ನೇರ ಓಟದ ಪಂದ್ಯಕ್ಕೆಂದೇ ಸುಮಾರು 100 ಥಂಡರ್‌ಬೋಲ್ಟ್ ಕಾರುಗಳನ್ನು ಮಾಡಿಸಿತು. ಅವುಗಳ ಬಾನೆಟ್ಟು ಫೈಬರ್‌ಗ್ಲಾಸಿನದು. 1969ರಲ್ಲಿ ಪ್ಲಿಮತ್ ಕಂಪನಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ರಸ್ತೆಯ ಮೇಲೆ ಓಡಿಸಲೆಂದು ಮಾರುವ ಕಾರಿಗೇ ಇಂಥ ಬಾನೆಟ್ಟು ಹಾಕಿತು. ಆ ‘ರೋಡ್ ರನ್ನರ್ 440 ಸಿಕ್ಸ್ ಬ್ಯಾರೆಲ್’ ಕಾರಿನ ಕರಿಯ ಫೈಬರ್ ಬಾನೆಟ್ಟಿಗೆ ಕೀಲೇ ಇರಲಿಲ್ಲ. ನಾಲ್ಕು ಮೂಲೆಗೆ ನಾಲ್ಕು ಪಿನ್ನು. ಎಣ್ಣೆ ನೋಡಬೇಕಾದರೂ ನಾಲ್ಕನ್ನೂ ಬಿಚ್ಚಿ ಬಾನೆಟ್ಟನ್ನು ಎತ್ತಿ ಪಕ್ಕಕ್ಕಿಡಬೇಕು. ಅದಕ್ಕೆ ಇಬ್ಬರು ಇದ್ದರೆ ಸರಿ. ಭದ್ರತೆಗೆ ಕೊರತೆ ಇಲ್ಲ, ದಿನಬಳಕೆಗೆ ತೊಡಕು. ಮಳೆಯಲ್ಲಿ ದಾರಿ ಮಧ್ಯೆ ಕಾರು ನಿಂತಾಗ ಒಬ್ಬರೇ ಇದ್ದರೆ ಏನು ಮಾಡುವುದು?

ಅದೇ ಹೊತ್ತಿಗೆ, 1960ರ ದಶಕದ ಕೊನೆಯಲ್ಲಿ, ಅಮೆರಿಕ ಸರ್ಕಾರ ವಾಹನ ಸುರಕ್ಷತೆಯ 113ನೆಯ ಮಾನದಂಡವನ್ನು ತಂದಿತು. ಅದರ ಸಾರ ಇಷ್ಟೆ: ಮುಂದಿನಿಂದ ತೆರೆಯುವ ಬಾನೆಟ್ಟು ಚಾಲಕನ ನೋಟಕ್ಕೆ ಅಡ್ಡ ಬರುವಂತಿದ್ದರೆ ಚಿಲಕಕ್ಕೆ ಎರಡನೆಯ ಹಿಡಿತ ಇರಬೇಕು, ಇಲ್ಲವೆ ಎರಡನೆಯ ಚಿಲಕವೇ ಇರಬೇಕು. ಕಾರಿನೊಳಗಿನ ಹಿಡಿ ಎಳೆದ ಮೇಲೂ ಬಾನೆಟ್ಟು ಒಂದಿಷ್ಟೇ ಏಳುತ್ತದೆ. ಬೆರಳು ತೂರಿಸಿ ಒಂದು ನಾಲಗೆಯನ್ನು ಸರಿಸಿದರೆ ಮಾತ್ರ ಪೂರ್ತಿ ತೆರೆಯುತ್ತದೆ. ಆ ನಾಲಗೆಯೇ ಎರಡನೆಯ ಹಿಡಿತ. ಮೊದಲ ಅಂಗುಲದ ಅಪಾಯ ತಿಳಿದವರು ಮಾಡಿದ ವ್ಯವಸ್ಥೆ ಅದು. ಫೈಬರ್ ಬಾನೆಟ್ಟು ಹಾಕುವ ಆತುರದಲ್ಲಿ ಬಹಳ ಜನ ಕಿತ್ತು ಬಿಸಾಡುವುದೂ ಅದನ್ನೇ.

ಭದ್ರಪಡಿಸುವ ಬಗೆ

ದಿನಬಳಕೆಯ ಕಾರಿಗೆ ಸರಿಯಾದ ಸೂತ್ರ ಒಂದೇ: ಇದ್ದದ್ದನ್ನು ಉಳಿಸಿಕೊಂಡು ಮೇಲೆ ಸೇರಿಸುವುದು. ಹಿಂದಿನ ಕೀಲು ಇರಲಿ, ನಡುವಿನ ಮೂಲ ಚಿಲಕ ಇರಲಿ, ಎರಡನೆಯ ನಾಲಗೆಯೂ ಇರಲಿ. ಅದರ ಜತೆಗೆ ಮುಂದಿನ ಎರಡು ಮೂಲೆಗಳ ಹತ್ತಿರ ಎರಡು ಪಿನ್ನು ಬರಲಿ. ನಡುವೆ ಒಂದೇ ಚಿಲಕವಿದ್ದರೆ ಮೆತ್ತಗಿನ ಬಾನೆಟ್ಟಿನ ಮೂಲೆಗಳು ಗಾಳಿಗೆ ಪಟಪಟನೆ ಅದುರುತ್ತವೆ. ಎದುರಿನಿಂದ ಲಾರಿ ಹಾದಾಗ ಇದು ಇನ್ನೂ ಜೋರು. ಚಿಲಕ ಬಿಡಿಸುವುದು ಒಂದು ದೊಡ್ಡ ಎಳೆತವಲ್ಲ, ಈ ಸಾವಿರ ಸಣ್ಣ ಅದುರುಗಳು. ಮೂಲೆಗಳನ್ನು ಹಿಡಿದರೆ ಅದುರು ನಿಲ್ಲುತ್ತದೆ.

ಮೊದಲು ನೋಡಬೇಕಾದದ್ದು ಚಿಲಕದ ಕೊಂಡಿ ಬಾನೆಟ್ಟಿಗೆ ಹೇಗೆ ಸೇರಿದೆ ಎಂಬುದನ್ನು. ಅಚ್ಚು ಹಾಕುವಾಗಲೇ ಪದರಗಳ ನಡುವೆ ಉಕ್ಕಿನ ಫಲಕ ಕೂರಿಸಿ, ಅದಕ್ಕೆ ಕೊಂಡಿಯನ್ನು ಬೋಲ್ಟು ಮಾಡಿದ್ದರೆ ಒಳ್ಳೆಯದು. ಬರಿಯ ಫೈಬರಿಗೆ ತಿರುಪು ಹಾಕಿದ್ದರೆ ಅದನ್ನು ನಂಬುವಂತಿಲ್ಲ. ದರ್ಜಿಗಳು ದಪ್ಪ ಕೋಟಿನ ಗುಂಡಿ ಹೊಲಿಯುವಾಗ ಬಟ್ಟೆಯ ಹಿಂದೆ ಇನ್ನೊಂದು ಸಣ್ಣ ಗುಂಡಿ ಇಟ್ಟು ಹೊಲಿಯುವುದುಂಟು. ಎಳೆತ ದಾರದಿಂದ ಬಟ್ಟೆಯ ಒಂದೇ ಚುಕ್ಕೆಗೆ ಬೀಳದೆ ಹರಡಲಿ ಎಂದು. ವಾಷರಿನ ಕೆಲಸವೂ ಅದೇ. 6 ಮಿ.ಮೀ. ಬೋಲ್ಟಿನ 10 ಮಿ.ಮೀ. ತಲೆ ಒತ್ತುವ ಜಾಗ ಸುಮಾರು 50 ಚದರ ಮಿ.ಮೀ. ಅದರಡಿ 40 ಮಿ.ಮೀ. ಅಗಲದ ದಪ್ಪ ವಾಷರ್ ಹಾಕಿದರೆ ಜಾಗ ಸುಮಾರು 24 ಪಟ್ಟು ಹೆಚ್ಚುತ್ತದೆ. ಅದೇ ಬಲಕ್ಕೆ ಒತ್ತಡ ಅಷ್ಟೇ ಪಟ್ಟು ಇಳಿಯುತ್ತದೆ. ಕೀಲಿನ ಬೋಲ್ಟುಗಳಿಗೂ ಅಗಲವಾದ ಲೋಹದ ಪಟ್ಟಿ ಕೊಡಬೇಕು. ಬಿಗಿಯುವಾಗ ಹದ ಇರಲಿ. ಉಕ್ಕಿನ ಮೇಲೆ ಬಿಗಿದಂತೆ ಬಲ ಹಾಕಿದರೆ ರಾಳ ಪುಡಿಯಾಗುತ್ತದೆ. ತಾನಾಗಿ ಸಡಿಲವಾಗದ ನೈಲಾನ್ ಉಂಗುರದ ನಟ್ಟು ಹಾಕಿ, ನೂರು ಕಿಲೊಮೀಟರ್ ಓಡಿದ ಮೇಲೆ ಮತ್ತೊಮ್ಮೆ ನೋಡಬೇಕು.

ಪಿನ್ನು ನಿಲ್ಲಿಸುವ ಜಾಗ ಗಟ್ಟಿಯಾಗಿರಬೇಕು. ರೇಡಿಯೇಟರನ್ನು ಹಿಡಿದಿರುವ ಉಕ್ಕಿನ ಅಡ್ಡಪಟ್ಟಿ ಇದಕ್ಕೆ ತಕ್ಕದ್ದು. ಪ್ಲಾಸ್ಟಿಕ್ ಭಾಗಗಳು ಸಲ್ಲ. ಕೆಳಗೊಂದು ಮೇಲೊಂದು ನಟ್ಟು ಹಾಕಿ ಎತ್ತರ ಹೊಂದಿಸುತ್ತಾರೆ. ಬಾನೆಟ್ಟಿನಲ್ಲಿ ತೂತು ಎಲ್ಲಿ ಬರಬೇಕೆಂದು ತಿಳಿಯಲು ಪಿನ್ನಿನ ತಲೆಗೆ ಬಣ್ಣ ಹಚ್ಚಿ ಬಾನೆಟ್ಟನ್ನು ಮೆಲ್ಲಗೆ ಇಳಿಸಿದರೆ ಸಾಕು, ಗುರುತು ಬೀಳುತ್ತದೆ. ಮೇಲ್ಮೈಗೆ ಟೇಪು ಅಂಟಿಸಿ, ಮೊದಲು ಸಣ್ಣ ತೂತು, ಆಮೇಲೆ ದೊಡ್ಡದು, ನಿಧಾನವಾಗಿ ಕೊರೆಯಬೇಕು. ತೂತು ಪಿನ್ನಿಗಿಂತ ಸ್ವಲ್ಪ ದೊಡ್ಡದಿರಲಿ. ಒರೆಸಾಡಿದರೆ ಅಂಚು ಸವೆಯುತ್ತದೆ. ಕೊರೆದ ಅಂಚಿಗೆ ರಾಳ ಸವರಿದರೆ ನೀರು ಪದರಗಳೊಳಗೆ ಇಳಿಯುವುದಿಲ್ಲ. ತೂತಿನ ಮೇಲೆ ಲೋಹದ ಬಿಲ್ಲೆ, ಕೆಳಗೆ ಇನ್ನೊಂದು ಫಲಕ ಬರಬೇಕು. ಕೊರೆಯುವಾಗ ಏಳುವ ಗಾಜಿನ ಧೂಳು ಚರ್ಮಕ್ಕೆ ನವೆ, ಶ್ವಾಸಕೋಶಕ್ಕೆ ಕೇಡು. ಮುಖಕ್ಕೆ ಮಾಸ್ಕು, ಕಣ್ಣಿಗೆ ಕನ್ನಡಕ ಬೇಕೇ ಬೇಕು. ಇದು ಮಕ್ಕಳು ಮಾಡುವ ಕೆಲಸವಲ್ಲ. ಫೈಬರ್ ಕೆಲಸ ಬಲ್ಲ ಗ್ಯಾರೇಜಿನವರದು.

ಬಾನೆಟ್ಟಿನ ಅಡಿ ಸಿಗುವ ರಬ್ಬರ್ ಗುಬುಟುಗಳನ್ನು ಮರೆಯಬಾರದು. ಅವು ಕೆಳಗಿನಿಂದ ಮೆಲ್ಲಗೆ ಒತ್ತುವಂತೆ ಎತ್ತರ ಹೊಂದಿಸಿದರೆ ಬಾನೆಟ್ಟು ಕ್ಲಿಪ್ಪಿಗೂ ರಬ್ಬರಿಗೂ ನಡುವೆ ಅಲ್ಲಾಡದೆ ಕೂರುತ್ತದೆ. ಇನ್ನು ಬಾನೆಟ್ಟನ್ನು ಮೇಲೆತ್ತಿ ಹಿಡಿಯುವ ಸ್ಪ್ರಿಂಗು ಅಥವಾ ಗ್ಯಾಸ್ ಕೊಳವೆಗಳು. ಅವುಗಳನ್ನು ಉಕ್ಕಿನ ಭಾರಕ್ಕೆ ಲೆಕ್ಕ ಹಾಕಿ ಮಾಡಿದ್ದು. ಅರ್ಧ ತೂಕದ ಫೈಬರಿಗೆ ಅದೇ ಬಲ ಬಿದ್ದರೆ ಬಾನೆಟ್ಟು ಮುಚ್ಚಿರುವಾಗಲೂ ಬಿಲ್ಲಿನಂತೆ ಬಾಗಿ ಕೀಲಿನ ಹತ್ತಿರ ಸೀಳುತ್ತದೆ. ಅಮೆರಿಕದ ಹಳೆಯ ಕಾರುಗಳಲ್ಲಿ ಬಲವಾದ ಕೀಲು ಸ್ಪ್ರಿಂಗುಗಳನ್ನು ತೆಗೆಯದೆ ಫೈಬರ್ ಬಾನೆಟ್ಟು ಮುರಿದುಕೊಂಡವರು ಬಹಳ. ಅವುಗಳನ್ನು ಬಿಚ್ಚಿ, ನಿಲ್ಲಿಸಲು ಸಾದಾ ಸರಳು ಇಟ್ಟುಕೊಳ್ಳುವುದೇ ಮೇಲು.

ಹೊರಗೆ ಚಾಚಿದ ಪಿನ್ನು ಇನ್ನೊಬ್ಬರಿಗೂ ಅಪಾಯ. ರಸ್ತೆಯಲ್ಲಿ ಯಾರಿಗಾದರೂ ಕಾರು ತಾಗಿದರೆ ಅವರು ಬೀಳುವುದು ಬಾನೆಟ್ಟಿನ ಮೇಲೆ. ಮೇಲ್ಮೈಗೆ ಸಮನಾಗಿ ಹುದುಗುವ ಚಿಲಕಗಳೂ ಸಿಗುತ್ತವೆ. ಅವು ನೋಡಲೂ ಚೆನ್ನ, ಬೀಗವಿರುವವೂ ಉಂಟು. ಆದರೆ ಅವಕ್ಕೆ ದೊಡ್ಡ ಕಿಂಡಿ ಕತ್ತರಿಸಬೇಕು. ಆ ಜಾಗ ಅಷ್ಟು ದುರ್ಬಲವಾಗುತ್ತದೆ. ಒಳಗೆ ಬೆನ್ನೆಲುಬು ಇರುವ ಬಾನೆಟ್ಟಿಗೆ ಮಾತ್ರ ಅವು ಒಪ್ಪುತ್ತವೆ. ಸಾದಾ ಕ್ಲಿಪ್ಪು ಹಾಕಿದವರು ಅದನ್ನು ಹೊದಿಕೆಯಿರುವ ಸಣ್ಣ ತಂತಿಯಿಂದ ಕಟ್ಟಿಟ್ಟರೆ ಕಳೆಯುವುದಿಲ್ಲ. ಹತ್ತುವ ಮುನ್ನ ಎರಡೂ ಕ್ಲಿಪ್ಪುಗಳನ್ನು ಕೈಯಿಂದ ಮುಟ್ಟಿ ನೋಡುವುದು ಅಭ್ಯಾಸವಾಗಬೇಕು.

ಎಲ್ಲ ಮುಗಿದ ಮೇಲೆ ಪರೀಕ್ಷೆ. ಬಾನೆಟ್ಟಿನ ಮುಂದಿನ ಅಂಚಿಗೆ ಉದ್ದಕ್ಕೂ ಉಣ್ಣೆಯ ಸಣ್ಣ ಎಳೆಗಳನ್ನು ಟೇಪಿನಿಂದ ಅಂಟಿಸಿ, ವಾಹನವಿಲ್ಲದ ರಸ್ತೆಯಲ್ಲಿ ಮೊದಲು 40, ಆಮೇಲೆ 60 ಕಿ.ಮೀ. ವೇಗದಲ್ಲಿ ಓಡಿಸಿ, ಪಕ್ಕದಲ್ಲಿ ಕೂತವರು ನೋಡಬೇಕು. ಎಳೆಗಳು ಗಾಳಿಯ ದಿಕ್ಕನ್ನು ತೋರುತ್ತವೆ. ಮೂಲೆ ಏಳುತ್ತಿದ್ದರೆ, ಸಂದು ಅಗಲವಾಗುತ್ತಿದ್ದರೆ ಅಲ್ಲಿಗೇ ನಿಲ್ಲಿಸಿ ಮತ್ತೆ ಹೊಂದಿಸಬೇಕು.

ಇಷ್ಟಾಗಿಯೂ ಎಂದಾದರೂ ಬಾನೆಟ್ಟು ಎದ್ದು ಗಾಜಿಗೆ ಬಡಿದರೆ? ಬ್ರೇಕನ್ನು ಒಮ್ಮೆಗೇ ಒತ್ತಬಾರದು, ಸ್ಟೀರಿಂಗ್ ತಿರುಚಬಾರದು. ತಲೆ ತಗ್ಗಿಸಿ ಬಾನೆಟ್ಟಿನ ಕೆಳಗಿನ ಸಂದಿನಿಂದಲೋ ಪಕ್ಕದ ಕಿಟಕಿಯಿಂದಲೋ ದಾರಿ ನೋಡುತ್ತ, ಅಪಾಯದ ದೀಪ ಹಾಕಿ, ನೇರವಾಗಿ ನಿಧಾನಿಸುತ್ತ ಅಂಚಿಗೆ ಬರಬೇಕು. ಯಾವ ಕಾರಿನ ಚಾಲಕನೂ ತಿಳಿದಿರಬೇಕಾದ ಮಾತಿದು.

ಮಾಡಿ ನೋಡಿ

ಬೇಕಾದವು: ಒಂದು ಬೂಟಿನ ಪೆಟ್ಟಿಗೆ, ತೆಳು ರಟ್ಟು, ದಪ್ಪ ರಟ್ಟು, ಟೇಪು, ಟೇಬಲ್ ಫ್ಯಾನು.

ಪೆಟ್ಟಿಗೆಯ ಮುಚ್ಚಳ ತೆಗೆದು, ಒಂದು ಕಿರುಬದಿಯಲ್ಲಿ ಕೈ ತೂರುವಷ್ಟು ಕಿಂಡಿ ಕತ್ತರಿಸಿ. ಇದು ಜಾಲರಿ. ತೆಳು ರಟ್ಟನ್ನು ಮೇಲೆ ಮುಚ್ಚಿ, ಕಿಂಡಿಯ ಎದುರು ಬದಿಗೆ ಟೇಪು ಹಚ್ಚಿ ಕೀಲು ಮಾಡಿ. ಕಿಂಡಿಯ ಮುಂದೆ ಫ್ಯಾನು ಹಾಕಿ. ರಟ್ಟು ಎದ್ದು ಹಿಂದಕ್ಕೆ ಮಗುಚುತ್ತದೆ. ದಪ್ಪ ರಟ್ಟು ಹಾಕಿದರೆ ಅದು ಅಷ್ಟು ಸುಲಭಕ್ಕೆ ಏಳದು. ಮತ್ತೆ ತೆಳು ರಟ್ಟು ಹಾಕಿ, ಮುಂದಿನ ಅಂಚಿನ ನಡುವೆ ಮಾತ್ರ ಒಂದು ತುಂಡು ಟೇಪು ಅಂಟಿಸಿ. ಮೂಲೆಗಳು ಪಟಪಟನೆ ಅದುರುವುದನ್ನು ನೋಡಿ. ಆಮೇಲೆ ಎರಡು ಮೂಲೆಗೂ ಟೇಪು ಅಂಟಿಸಿ. ಅದುರು ನಿಲ್ಲುತ್ತದೆ. ಫ್ಯಾನಿನ ಜಾಲರಿ ತೆಗೆಯಬೇಡಿ; ಹಿರಿಯರು ಹತ್ತಿರವಿರಲಿ.

ಇನ್ನು ಕಾನೂನಿನ ಮಾತು. 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಂ, ತಯಾರಕರು ಕೊಟ್ಟ ವಿವರಗಳಿಗೆ ಬೇರೆಯಾಗುವಂತೆ ವಾಹನವನ್ನು ಬದಲಾಯಿಸುವುದನ್ನು ನಿರ್ಬಂಧಿಸುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಇದನ್ನು ಎತ್ತಿಹಿಡಿಯಿತು. ಆದ್ದರಿಂದ ಹಣ ಕೊಡುವ ಮುನ್ನ ಆರ್.ಟಿ.ಓ. ಕಚೇರಿಯಲ್ಲೂ ವಿಮೆಯವರಲ್ಲೂ ಬರವಣಿಗೆಯಲ್ಲಿ ಕೇಳಿ ತಿಳಿಯುವುದು ಜಾಣತನ.

ಮಗ ಬಂದು ‘ಅಪ್ಪಾ, ಕಾರಿಗೆ ಫೈಬರ್ ಬಾನೆಟ್ಟು ಹಾಕಿಸೋಣ’ ಎಂದರೆ ಗದರಿ ಕಳಿಸುವುದು ಸುಲಭ. ಹಾಗೆ ಮಾಡಿದರೆ ಅವನು ಗೆಳೆಯನ ಕಾರಿಗೆ ಹಾಕಿಸಿ ಅದರಲ್ಲಿ ಕೂತು ಹೋಗುತ್ತಾನೆ. ಬದಲಿಗೆ ‘ಹಾಕಿಸೋಣ, ಮೊದಲು ನೂರರ ವೇಗದಲ್ಲಿ ಅದನ್ನು ಗಾಳಿ ಎಷ್ಟು ಕಿಲೊ ಎತ್ತುತ್ತದೆ ಅಂತ ಲೆಕ್ಕ ಮಾಡಿ ತೋರಿಸು, ಅಷ್ಟನ್ನು ಹಿಡಿಯೋದು ಯಾವುದು ಅಂತಲೂ ತೋರಿಸು’ ಎಂದು ಕೇಳಬಹುದು. ಲೆಕ್ಕ ಮಾಡಿ ತಂದ ಹುಡುಗ ಕ್ಲಿಪ್ಪು ಮುಟ್ಟಿ ನೋಡದೆ ಕಾರು ಹತ್ತುವುದಿಲ್ಲ.